ಅತ್ತ ಬಿಸಿಲು, ಇತ್ತ ಬಾಯಿ: ಮಕ್ಕಳೊಂದಿಗೆ ಕಡಲ ದಡ ನೋಡುವುದು

ಪಾಪಿ ಸಮುದ್ರಕ್ಕೆ ಹೋದರೂ ಮೊಣಕಾಲುದ್ದ ನೀರು ಎಂಬ ಗಾದೆಯಿದೆ. ನನ್ನ ಪಾಪ ಬೇರೆ ಬಗೆಯದು. ಮೊಣಕಾಲುದ್ದ ನೀರೇ ಬೇಕಾಗಿದ್ದ ದಿನ ನನಗೆ ಸಿಕ್ಕಿದ್ದು ಆಳೆತ್ತರದ ನೀರು. ಕಡಲಿನ ಜೀವಿಗಳನ್ನು ತೋರಿಸುತ್ತೇನೆಂದು ವಾರವಿಡೀ ಆಸೆ ಹುಟ್ಟಿಸಿ, ಶಾಲೆಯ ನಲವತ್ತು ಮಕ್ಕಳನ್ನು ಬಸ್ಸಿನಲ್ಲಿ ಕೂರಿಸಿಕೊಂಡು, ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ದಡ ತಲುಪಿದರೆ ಅಲ್ಲಿ ಬಂಡೆಗಳೇ ಇರಲಿಲ್ಲ. ಹಿಂದಿನ ಶನಿವಾರ ಅದೇ ಎಂಟು ಗಂಟೆಗೆ ಒಬ್ಬನೇ ಬಂದು ನೋಡಿಕೊಂಡು ಹೋಗಿದ್ದೆ. ಅಂದು ನೀರು ದೂರ ಸರಿದು, ಬಂಡೆಗಳು ಬೆನ್ನು ತೋರಿಸಿಕೊಂಡು ಮಲಗಿದ್ದವು. ಸಂದುಗಳಲ್ಲಿ ಏಡಿ, ಹೊಂಡಗಳಲ್ಲಿ ನಕ್ಷತ್ರ ಮೀನು. ಈಗ ನೋಡಿದರೆ ಅಲೆ ಬಂದು ಮೆಟ್ಟಿಲಿಗೇ ಬಡಿಯುತ್ತಿತ್ತು.

“ಸರ್, ಜೀವಿಗಳು ಎಲ್ಲಿವೆ?” ಎಂದು ಮುಂದಿನ ಸಾಲಿನ ಹುಡುಗಿ ಕೇಳಿದಳು.

“ಅಡಿಯಲ್ಲಿ” ಎಂದೆ. ಅಷ್ಟಕ್ಕೇ ಅಂದಿನ ಪಾಠ ಮುಗಿಯಿತು.

ತಪ್ಪಿದ್ದು ಸಣ್ಣ ಲೆಕ್ಕ. ಭೂಮಿ ಒಂದು ಸುತ್ತು ತಿರುಗುವ 24 ಗಂಟೆಗಳಲ್ಲಿ ಚಂದ್ರ ಸುಮ್ಮನೆ ನಿಂತಿರುವುದಿಲ್ಲ, ತನ್ನ ದಾರಿಯಲ್ಲಿ ಸ್ವಲ್ಪ ಮುಂದೆ ಸರಿದಿರುತ್ತಾನೆ. ಅವನನ್ನು ಮತ್ತೆ ನೆತ್ತಿಯ ಮೇಲೆ ತಂದುಕೊಳ್ಳಲು ಭೂಮಿ ಇನ್ನೂ ಸುಮಾರು 50 ನಿಮಿಷ ತಿರುಗಬೇಕು. ಹೆಚ್ಚಿನ ಕರಾವಳಿಗಳಲ್ಲಿ ಈ 24 ಗಂಟೆ 50 ನಿಮಿಷಗಳೊಳಗೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಅಂದರೆ ಇಂದು ಎಂಟಕ್ಕೆ ಇಳಿತವಿದ್ದರೆ ನಾಳೆ ಎಂಟು ಐವತ್ತಕ್ಕೆ, ನಾಡಿದ್ದು ಒಂಬತ್ತು ನಲವತ್ತಕ್ಕೆ. ಏಳು ದಿನ ಕಳೆಯುವಷ್ಟರಲ್ಲಿ ಆರು ಗಂಟೆಯಷ್ಟು ಹಿಂದೆ ಬಿದ್ದಿರುತ್ತದೆ. ಇಳಿತದಿಂದ ಉಬ್ಬರಕ್ಕೆ ಇರುವ ಅಂತರವೂ ಆರು ಗಂಟೆ ಚಿಲ್ಲರೆಯೇ. ಒಂದು ವಾರ ಬಿಟ್ಟು ಅದೇ ಗಂಟೆಗೆ ಹೋದವನಿಗೆ ತುಂಬಿದ ಕಡಲು ಸಿಕ್ಕದೆ ಇನ್ನೇನು ಸಿಕ್ಕೀತು? ಎರಡು ವಾರ ಬಿಟ್ಟು ಹೋಗಿದ್ದರೆ ಬಂಡೆಗಳೆಲ್ಲ ಮತ್ತೆ ಹಾಜರಿರುತ್ತಿದ್ದವು. ಶಾಲೆಯ ವೇಳಾಪಟ್ಟಿಯನ್ನು ಸೂರ್ಯ ಬರೆಯುತ್ತಾನೆ, ದಡದ ವೇಳಾಪಟ್ಟಿಯನ್ನು ಚಂದ್ರ. ಎರಡನ್ನೂ ಎದುರಿಗಿಟ್ಟುಕೊಳ್ಳದೆ ಬಸ್ ಗೊತ್ತು ಮಾಡಬಾರದು.

ಚಂದ್ರ ನೀರನ್ನು ಎಳೆಯುತ್ತಾನೆ, ಆದ್ದರಿಂದ ಉಬ್ಬರ ಎಂದಷ್ಟೇ ಮಕ್ಕಳಿಗೆ ಹೇಳಿದರೆ ಚುರುಕಾದವರೊಬ್ಬರು ತಕ್ಷಣ ಕೇಳುತ್ತಾರೆ: ಹಾಗಾದರೆ ದಿನಕ್ಕೆ ಒಂದೇ ಉಬ್ಬರ ಇರಬೇಕಲ್ಲ, ಎರಡೇಕೆ? ಕೇಳಬೇಕಾದ ಪ್ರಶ್ನೆಯೇ. ಚಂದ್ರನ ಸೆಳೆತ ದೂರ ಹೋದಂತೆ ಕುಗ್ಗುತ್ತದೆ. ಅವನಿಗೆ ಎದುರಾಗಿರುವ ಬದಿಯ ನೀರಿನ ಮೇಲೆ ಅದು ಹೆಚ್ಚು, ಭೂಮಿಯ ನಡುವಿನ ಮೇಲೆ ಅದಕ್ಕಿಂತ ಕಡಿಮೆ, ಆಚೆ ಬದಿಯ ನೀರಿನ ಮೇಲೆ ಇನ್ನೂ ಕಡಿಮೆ. ಈಚೆಯ ನೀರು ಭೂಮಿಗಿಂತ ಒಂದು ಹೆಜ್ಜೆ ಮುಂದೆ ಹೋದರೆ, ಆಚೆಯ ನೀರು ಭೂಮಿಗಿಂತ ಒಂದು ಹೆಜ್ಜೆ ಹಿಂದೆ ಉಳಿಯುತ್ತದೆ. ಹೀಗೆ ಎರಡೂ ಕಡೆ ಉಬ್ಬು. ಇಲ್ಲಿ ಎಳೆತ ಎಷ್ಟು ದೊಡ್ಡದು ಎನ್ನುವುದಕ್ಕಿಂತ ಈ ಬದಿಗೂ ಆ ಬದಿಗೂ ಅದರಲ್ಲಿ ಎಷ್ಟು ವ್ಯತ್ಯಾಸ ಎನ್ನುವುದು ಮುಖ್ಯ. ಅದಕ್ಕೇ ಸೂರ್ಯ ಸೋಲುವುದು. ಭೂಮಿಯ ಮೇಲೆ ಸೂರ್ಯನ ಸೆಳೆತ ಚಂದ್ರನದಕ್ಕಿಂತ ನೂರೆಪ್ಪತ್ತು ಪಟ್ಟಿಗೂ ಮಿಕ್ಕಿದ್ದು. ಆದರೆ ಅವನು ಎಷ್ಟು ದೂರವೆಂದರೆ ಭೂಮಿಯ ಈ ಬದಿ, ಆ ಬದಿ ಎಲ್ಲವೂ ಅವನಿಗೆ ಹೆಚ್ಚುಕಡಿಮೆ ಒಂದೇ. ಉಬ್ಬರ ಎಬ್ಬಿಸುವುದರಲ್ಲಿ ಅವನ ಪಾಲು ಚಂದ್ರನ ಪಾಲಿನ ಅರ್ಧಕ್ಕಿಂತ ಕಡಿಮೆ.

ಆ ಅರ್ಧ ಪಾಲೂ ಪ್ರವಾಸಕ್ಕೆ ಹೊರಟವರಿಗೆ ಬಹಳ ಮುಖ್ಯ. ಹುಣ್ಣಿಮೆ, ಅಮಾವಾಸ್ಯೆಗಳಲ್ಲಿ ಸೂರ್ಯ ಚಂದ್ರರು ಒಂದೇ ಗೆರೆಯಲ್ಲಿ ನಿಂತು ಒಟ್ಟಿಗೆ ಎಳೆಯುತ್ತಾರೆ. ಅದರ ಒಂದೆರಡು ದಿನಗಳ ಬಳಿಕ ಉಬ್ಬರ ಅತಿ ಎತ್ತರಕ್ಕೆ ಏರಿ, ಇಳಿತ ಅತಿ ಕೆಳಕ್ಕೆ ಹೋಗುತ್ತದೆ. ಅಷ್ಟಮಿಯ ಆಸುಪಾಸಿನಲ್ಲಿ ಅವರಿಬ್ಬರ ಎಳೆತ ಒಂದಕ್ಕೊಂದು ಅಡ್ಡವಾಗಿ, ನೀರು ಏರಿಯೂ ಏರದಂತೆ, ಇಳಿದೂ ಇಳಿಯದಂತೆ ನಡುವೆಯೇ ತೂಗಾಡುತ್ತದೆ. ದಡದ ತೀರಾ ಕೆಳಗಿನ ಭಾಗವನ್ನು ನೋಡಬೇಕೆಂದರೆ ಹುಣ್ಣಿಮೆ ಅಥವಾ ಅಮಾವಾಸ್ಯೆ ಕಳೆದ ಮರುದಿನವೋ ಮೂರನೆಯ ದಿನವೋ ಹೋಗಬೇಕು.

ಇದೆಲ್ಲ ಪಠ್ಯಪುಸ್ತಕದ ಚಿತ್ರ. ನಿಜವಾದ ಕಡಲಿನಲ್ಲಿ ಎರಡು ಉಬ್ಬುಗಳು ಅಡೆತಡೆಯಿಲ್ಲದೆ ಭೂಮಿಯನ್ನು ಸುತ್ತಲು ಖಂಡಗಳು ಬಿಡುವುದಿಲ್ಲ. ಹೊತ್ತು ನಡೆಯುವ ಬೋಗುಣಿಯ ನೀರು ತುಳುಕಿದಂತೆ ಒಂದೊಂದು ಸಾಗರವೂ ತನ್ನ ಅಂಚಿನ ಆಕಾರಕ್ಕೆ ತಕ್ಕಂತೆ ತುಳುಕುತ್ತದೆ. ಕೆನಡಾದ ಫಂಡಿ ಕೊಲ್ಲಿಯಲ್ಲಿ ಉಬ್ಬರ ಇಳಿತಗಳ ನಡುವೆ 16 ಮೀಟರ್‌ವರೆಗೆ ಅಂತರವಿದ್ದರೆ, ಮೆಡಿಟರೇನಿಯನ್ನಿನ ಹೆಚ್ಚಿನ ದಡಗಳಲ್ಲಿ ಕಂಡೂ ಕಾಣದಷ್ಟು. ಕೆಲವು ಕಡೆ ದಿನಕ್ಕೆ ಒಂದೇ ಉಬ್ಬರ. ಹಾಗಾಗಿ ನಾನು ಹೇಳಿದ ಲೆಕ್ಕವನ್ನು ನಂಬಿ ಹೊರಡಬೇಡಿ. ಆಯಾ ದಡದ ಉಬ್ಬರವಿಳಿತದ ಕೋಷ್ಟಕವನ್ನೇ ನೋಡಿ. ಈಗ ಅದು ಮೊಬೈಲಿನಲ್ಲಿ ಸಿಗುತ್ತದೆ. 1872ರಲ್ಲಿ ಮುಂದೆ ಲಾರ್ಡ್ ಕೆಲ್ವಿನ್ ಎನಿಸಿಕೊಂಡ ವಿಲಿಯಂ ಥಾಮ್ಸನ್ ಇದೇ ಲೆಕ್ಕಕ್ಕೆಂದು ಗಾಲಿ, ರಾಟೆಗಳ ಒಂದು ಯಂತ್ರ ಮಾಡಿಸಿದ್ದರು. ಹಿಡಿ ತಿರುಗಿಸಿದರೆ ಮುಂಬರುವ ದಿನಗಳ ಉಬ್ಬರವಿಳಿತದ ಗೆರೆಯನ್ನು ಅದು ಕಾಗದದ ಮೇಲೆ ಎಳೆಯುತ್ತಿತ್ತು.

ಎರಡನೆಯ ಸಲ ಕೋಷ್ಟಕ ನೋಡಿಕೊಂಡು ಹೋದೆವು. ಇಳಿತದ ಕಡೆಯ ಹಂತಕ್ಕೆ ಒಂದೂವರೆ ಗಂಟೆ ಮೊದಲೇ ತಲುಪಿ, ಹಿಂದೆ ಸರಿಯುತ್ತಿರುವ ನೀರಿನ ಬೆನ್ನಟ್ಟಿ ಕೆಳಗಿಳಿದೆವು. ಇದೇ ಸರಿಯಾದ ಕ್ರಮ. ನೀರು ತಿರುಗಿ ಏರತೊಡಗಿದಾಗ ನೀವೂ ಮುಖ ತಿರುಗಿಸಿ ಮೇಲಕ್ಕೆ ಬರಬೇಕು.

ಬಂಡೆಯ ದಡದಲ್ಲಿ ಮೊದಲು ಮಕ್ಕಳ ಕಣ್ಣಿಗೆ ಬೀಳುವುದು ಪ್ರಾಣಿಗಳಲ್ಲ, ಪಟ್ಟೆಗಳು. ದೂರದಿಂದ ನೋಡಿದರೆ ಯಾರೋ ಅಡ್ಡಡ್ಡ ಬಣ್ಣ ಬಳಿದಂತೆ ಕಾಣುತ್ತದೆ. ಎಲ್ಲಕ್ಕಿಂತ ಮೇಲೆ, ಅಲೆಯ ಹನಿ ಮಾತ್ರ ಸಿಡಿಯುವಲ್ಲಿ, ಕಪ್ಪಗಿನ ಪಟ್ಟೆ. ಅಲ್ಲಿ ಕಲ್ಲುಹೂವು, ಸಾಸಿವೆ-ಮೆಣಸಿನಷ್ಟು ದೊಡ್ಡ ಬಸವನಹುಳುಗಳು. ಅದರ ಕೆಳಗೆ ಬೂದು ಬಿಳಿ ಪಟ್ಟೆ. ಹತ್ತಿರ ಹೋಗಿ ಸವರಿದರೆ ಅಂಗೈ ತರಚುತ್ತದೆ, ಅವು ಬಾರ್ನಕಲ್‌ಗಳು, ಕಲ್ಲಿಗೆ ಅಂಟಿಕೊಂಡು ಬಾಳುವ ಸುಣ್ಣದ ಚಿಪ್ಪಿನ ಪುಟ್ಟ ಜೀವಿಗಳು. ಇನ್ನೂ ಕೆಳಗೆ ಪಚ್ಚಿಲೆ ಎಂಬ ಜೋಡಿಚಿಪ್ಪಿನ ಜೀವಿಗಳ ಕಪ್ಪು ಹಾಸು, ನಡುನಡುವೆ ಟೋಪಿಯಾಕಾರದ ಚಿಪ್ಪಿನ ಲಿಂಪೆಟ್‌ಗಳು. ಕಡೆಯದಾಗಿ, ನೀರು ಕೆಲವೇ ಗಂಟೆ ಬಿಟ್ಟುಕೊಡುವ ಜಾಗದಲ್ಲಿ, ಕಡಲಪಾಚಿಯ ಜಾರು ಕಾಡು. ನಕ್ಷತ್ರ ಮೀನು, ಕಡಲ ಹೂವು, ಮುಳ್ಳುಚೆಂಡಿನಂಥ ಸೀ ಅರ್ಚಿನ್ ಎಲ್ಲ ಅಲ್ಲೇ. ಭೂಗೋಳದ ಯಾವ ಮೂಲೆಯ ಬಂಡೆಯ ದಡಕ್ಕೆ ಹೋದರೂ ಪಾತ್ರಧಾರಿಗಳು ಬದಲಾಗುತ್ತಾರೆ, ಮಹಡಿಗಳ ಈ ಜೋಡಣೆ ಹೆಚ್ಚೇನೂ ಬದಲಾಗುವುದಿಲ್ಲ.

ಯಾಕೆ ಹೀಗೆ? ಮಕ್ಕಳನ್ನು ಕೇಳಿದರೆ ಬರುವ ಮೊದಲ ಉತ್ತರ, “ಯಾರಿಗೆ ಎಲ್ಲಿ ಹಿತವೋ ಅಲ್ಲಿ ಇರುತ್ತಾರೆ.” ಕೇಳಲು ಸರಿಯೆನಿಸುತ್ತದೆ. ನಾನೂ ಬಹಳ ಕಾಲ ಹಾಗೆಯೇ ಪಾಠ ಮಾಡಿದ್ದೇನೆ. ಅದು ಅರ್ಧ ಮಾತ್ರ ನಿಜ ಎಂದು ತೋರಿಸಿಕೊಟ್ಟವರಲ್ಲಿ ಪರಿಸರ ವಿಜ್ಞಾನಿ ಜೋಸೆಫ್ ಕಾನೆಲ್ ಪ್ರಮುಖರು. 1950ರ ದಶಕದಲ್ಲಿ ಅವರು ಸ್ಕಾಟ್ಲೆಂಡಿನ ಕಂಬ್ರೇ ದ್ವೀಪದ ದಡದಲ್ಲಿ ಎರಡು ಜಾತಿಯ ಬಾರ್ನಕಲ್‌ಗಳ ಹಿಂದೆ ಬಿದ್ದರು. ಒಂದು ಚಿಕ್ಕದು, ದಡದ ಮೇಲ್ಭಾಗದಲ್ಲಿರುವುದು. ಇನ್ನೊಂದು ದೊಡ್ಡದು, ಕೆಳಗಿರುವುದು. ಚಿಕ್ಕದರ ಮರಿಗಳು ಕೆಳಗೂ ಬಂದು ಕೂರುತ್ತವೆ, ಆದರೆ ಬೆಳೆದವು ಅಲ್ಲಿ ಕಾಣುವುದಿಲ್ಲ. ಕಾನೆಲ್ ಚಿಕ್ಕವು ಕುಳಿತಿದ್ದ ಕಲ್ಲುಗಳನ್ನು ಕೆಳಗಿನ ಮಟ್ಟಕ್ಕೆ ತಂದು ಹೂಡಿದರು. ಪ್ರತಿ ಕಲ್ಲಿನ ಅರ್ಧ ಭಾಗದಲ್ಲಿ ದೊಡ್ಡವನ್ನು ಕಿತ್ತುಹಾಕುತ್ತ ಬಂದರು, ಇನ್ನರ್ಧವನ್ನು ಹಾಗೆಯೇ ಬಿಟ್ಟರು. ಕಿತ್ತ ಕಡೆ ಚಿಕ್ಕವು ಚೆನ್ನಾಗಿಯೇ ಬದುಕಿದವು. ಬಿಟ್ಟ ಕಡೆ ದೊಡ್ಡವು ಅವುಗಳ ಮೇಲೆ ಬೆಳೆದವು, ಬುಡಕ್ಕೆ ನುಗ್ಗಿ ಎಬ್ಬಿಸಿದವು, ಅಕ್ಕಪಕ್ಕದಿಂದ ಒತ್ತಿ ನುಚ್ಚು ಮಾಡಿದವು. 1961ರಲ್ಲಿ ಪ್ರಕಟವಾದ ಈ ಕೆಲಸ ಪರಿಸರ ವಿಜ್ಞಾನದ ಪಾಠಗಳಲ್ಲಿ ಇಂದಿಗೂ ಬರುತ್ತದೆ.

ಚಿಕ್ಕ ಬಾರ್ನಕಲ್ ಮೇಲೆ ಇರುವುದು ಅಲ್ಲಿ ಹಿತವೆಂದಲ್ಲ. ಕೆಳಗೆ ಇರಗೊಡುವುದಿಲ್ಲ, ಅದಕ್ಕೆ. ದೊಡ್ಡದಕ್ಕೆ ಮೇಲೆ ಏರಲಾಗದು, ಅಲ್ಲಿನ ಬಿಸಿಲಿಗೆ ಒಣಗಿ ಸಾಯುತ್ತದೆ. ಚಿಕ್ಕದು ಒಣಗುವುದನ್ನು ತಾಳಿಕೊಳ್ಳುತ್ತದೆ. ಆ ತಾಳಿಕೆಯೇ ಅದರ ಬಾಡಿಗೆ.

ಇನ್ನೊಂದು ಪ್ರಯೋಗ ಇದಕ್ಕಿಂತ ಒರಟಾದದ್ದು. 1963ರಲ್ಲಿ ಪರಿಸರ ವಿಜ್ಞಾನಿ ರಾಬರ್ಟ್ ಪೇಯ್ನ್ ಅಮೆರಿಕದ ವಾಷಿಂಗ್ಟನ್ ರಾಜ್ಯದ ಮಕಾ ಕೊಲ್ಲಿಯಲ್ಲಿ ಬಂಡೆಯ ಸುಮಾರು 8 ಮೀಟರ್ ಉದ್ದದ ತುಂಡೊಂದನ್ನು ಆರಿಸಿಕೊಂಡು, ಅಲ್ಲಿದ್ದ ನಕ್ಷತ್ರ ಮೀನುಗಳನ್ನು ಮೀಟಿ ಎಬ್ಬಿಸಿ ಕಡಲಿಗೆ ಎಸೆದರು. ಮತ್ತೆ ಬಂದವನ್ನು ಮತ್ತೆ ಎಸೆದರು. ಕೊಲ್ಲುವವನು ಹೋದ ಮೇಲೆ ಎಲ್ಲರೂ ಸುಖವಾಗಿ ಬಾಳಬೇಕಲ್ಲವೇ? ಆದದ್ದು ತಿರುಗುಮುರುಗು. ನಕ್ಷತ್ರ ಮೀನಿನ ಮುಖ್ಯ ಆಹಾರವಾಗಿದ್ದ ಮಸಲ್ ಚಿಪ್ಪುಗಳು, ಅಂದರೆ ಪಚ್ಚಿಲೆಯ ಜ್ಞಾತಿಗಳು, ತಡೆಯಿಲ್ಲದೆ ಕೆಳಕ್ಕೆ ಹಬ್ಬಿ ಬಂಡೆಯನ್ನೆಲ್ಲ ಆಕ್ರಮಿಸಿದವು. ಉಳಿದವರಿಗೆ ಕಾಲಿಡಲು ಜಾಗವಿಲ್ಲದೆ, 15 ಜಾತಿಗಳಿದ್ದ ಕಡೆ 8 ಉಳಿದವು. ಕಲ್ಲಿನ ಕಮಾನಿನ ನೆತ್ತಿಯಲ್ಲಿ ಒಂದು ಕೀಲುಗಲ್ಲು ಇರುತ್ತದಲ್ಲ, ಅದೊಂದನ್ನು ತೆಗೆದರೆ ಕಮಾನೇ ಕುಸಿಯುತ್ತದೆ. ಇಂಥ ಜೀವಿಯನ್ನು ಪೇಯ್ನ್ 1969ರಲ್ಲಿ ಕೀಲುಗಲ್ಲಿನ ಹೆಸರಿನಿಂದಲೇ ಕರೆದರು. ಆ ಪದ ಈಗ ಕಾಡಿನ ಹುಲಿಯಿಂದ ಹಿಡಿದು ಎಲ್ಲಕ್ಕೂ ಸಲ್ಲುತ್ತದೆ. ಅದು ಹುಟ್ಟಿದ್ದು ಮಾತ್ರ ಇಳಿತದ ಹೊತ್ತಿನ ಒದ್ದೆ ಬಂಡೆಯ ಮೇಲೆ.

ಎರಡು ಪ್ರಯೋಗಗಳನ್ನೂ ಒಟ್ಟಿಗಿಟ್ಟು ನೋಡಿದರೆ ಪಟ್ಟೆಗಳ ಗುಟ್ಟು ಬಿಚ್ಚಿಕೊಳ್ಳುತ್ತದೆ. ಒಂದು ಜೀವಿ ಎಷ್ಟು ಮೇಲಕ್ಕೆ ಹೋಗಬಹುದು ಎಂಬ ಗೆರೆಯನ್ನು ಬಹುಮಟ್ಟಿಗೆ ಬಿಸಿಲು ಎಳೆಯುತ್ತದೆ. ಎಷ್ಟು ಕೆಳಕ್ಕೆ ಬರಬಹುದು ಎಂಬ ಗೆರೆಯನ್ನು ನೆರೆಯವರು ಎಳೆಯುತ್ತಾರೆ, ಜಾಗಕ್ಕೆ ನೂಕುವವರು ಅಥವಾ ತಿನ್ನುವವರು. ಅತ್ತ ದರಿ, ಇತ್ತ ಪುಲಿ ಎನ್ನುವುದನ್ನು ಇಲ್ಲಿ ಅತ್ತ ಬಿಸಿಲು, ಇತ್ತ ಬಾಯಿ ಎಂದು ತಿದ್ದಿಕೊಂಡರೆ ಸಾಕು. ಇದಕ್ಕೆ ಅಪವಾದಗಳೂ ಇವೆ. ಬಂಡೆಯ ನೆರಳಿನ ಮಗ್ಗುಲಲ್ಲಿ ಪಟ್ಟೆಗಳು ಮೇಲಕ್ಕೆ ಸರಿದಿರುತ್ತವೆ, ಅಲೆ ಜೋರಾಗಿ ಸಿಡಿಯುವಲ್ಲಿ ಇನ್ನೂ ಮೇಲಕ್ಕೆ. ಮಕ್ಕಳು ಇದನ್ನು ತಾವಾಗಿಯೇ ಕಂಡುಹಿಡಿಯುತ್ತಾರೆ. ನೀವು ಮೊದಲೇ ಹೇಳಿ ಕೆಡಿಸಬೇಡಿ.

ಕಂಡುಹಿಡಿಯಲು ಬೇಕಾದ ಸಾಮಾನು ಒಂದು ಹಗ್ಗ, ಅರ್ಧ ಮೀಟರ್ ಅಗಲದ ಚೌಕಟ್ಟು, ಪೆನ್ಸಿಲ್. ಪೆನ್ ಬೇಡ, ಒದ್ದೆ ಕಾಗದದ ಮೇಲೆ ಅದರ ಶಾಯಿ ಹರಡುತ್ತದೆ. ಹಗ್ಗವನ್ನು ಉಬ್ಬರದ ಗುರುತಿನಿಂದ ನೀರಿನ ಅಂಚಿನವರೆಗೆ ನೇರವಾಗಿ ಹಾಸಿ, ಮೀಟರಿಗೊಮ್ಮೆ ಚೌಕಟ್ಟನ್ನು ಇಟ್ಟು ಅದರೊಳಗೆ ಯಾರು ಯಾರು ಎಷ್ಟೆಷ್ಟು ಎಂದು ಬರೆಯುವುದು. ಎಣಿಸಲಾಗದಷ್ಟು ಇದ್ದರೆ ಚೌಕದ ಎಷ್ಟು ಭಾಗವನ್ನು ಅವು ಮುಚ್ಚಿವೆ ಎಂದು ಅಂದಾಜು ಮಾಡಿದರೆ ಆಯಿತು. ಹೆಸರು ಗೊತ್ತಿಲ್ಲದಿದ್ದರೂ ಅಡ್ಡಿಯಿಲ್ಲ. “ಗೆರೆಯಿರುವ ಟೋಪಿ”, “ಕಪ್ಪು ಮಣಿ” ಎಂದು ತಾವೇ ಹೆಸರಿಟ್ಟುಕೊಂಡು, ಆ ಹೆಸರನ್ನು ಕಡೆಯವರೆಗೂ ಬದಲಿಸದಿದ್ದರೆ ಸಾಕು. ಚೌಕಟ್ಟನ್ನು ಮಾತ್ರ ಅಂದ ನೋಡಿ ಇಡಬಾರದು. ನಕ್ಷತ್ರ ಮೀನು ಕಂಡ ಕಡೆಗೆಲ್ಲ ಚೌಕಟ್ಟು ಹೊರಳುತ್ತದೆ, ಅದು ಮಕ್ಕಳ ತಪ್ಪಲ್ಲ, ಮನುಷ್ಯರ ಕೈಯ ಚಾಳಿ. ಹಗ್ಗ ಹೇಳಿದ ಕಡೆಯೇ ಇಡಬೇಕು, ಅಲ್ಲಿ ಬರೀ ಕಲ್ಲಿದ್ದರೂ. ಬರೀ ಕಲ್ಲು ಎನ್ನುವುದೂ ಬರೆಯಬೇಕಾದ ಸಂಗತಿಯೇ.

ತರಗತಿಗೆ ಮರಳಿ ಆ ಅಂಕಿಗಳಿಂದ ನಕ್ಷೆ ಬಿಡಿಸಿದಾಗ ಪಟ್ಟೆಗಳು ಕಾಗದದ ಮೇಲೆ ಮತ್ತೆ ಎದ್ದುಬರುತ್ತವೆ. ಐದು ತಂಡಗಳ ಐದು ಹಗ್ಗ, ಐದರಲ್ಲೂ ಬಾರ್ನಕಲ್‌ನ ಗುಡ್ಡ ಮೇಲೆ, ಪಚ್ಚಿಲೆಯ ಗುಡ್ಡ ಕೆಳಗೆ. ಒಂದು ತಂಡದ ಗುಡ್ಡ ಎರಡು ಮೀಟರ್ ಆಚೆ ಇದ್ದರೆ, ಜಗಳ ಶುರು. ಆ ಜಗಳಕ್ಕೆ ಒಂದು ಇಡೀ ಪಾಠದ ಅವಧಿ ಕೊಟ್ಟರೂ ನಷ್ಟವಿಲ್ಲ. ನಮ್ಮಲ್ಲಿ ಆ ತಂಡದ ಹಗ್ಗ ಬಂಡೆಯ ನೆರಳಿನ ಕಡೆಗಿತ್ತು.

ಇನ್ನು ಒಬ್ಬೊಬ್ಬರನ್ನೇ ಹತ್ತಿರದಿಂದ ನೋಡೋಣ. ಬಾರ್ನಕಲ್‌ನಿಂದಲೇ ಆರಂಭಿಸುತ್ತೇನೆ, ಏಕೆಂದರೆ ಅದನ್ನು ಯಾರೂ ಪ್ರಾಣಿಯೆಂದೇ ನಂಬುವುದಿಲ್ಲ. ಸುಣ್ಣದ ಚಿಕ್ಕ ಗೋಪುರ, ನೆತ್ತಿಯಲ್ಲಿ ಮುಚ್ಚಿದ ಬಾಗಿಲು. ಗಟ್ಟಿ ಚಿಪ್ಪು ನೋಡಿ, ಜೀವಿಗಳನ್ನು ಹೆಸರಿಟ್ಟು ವಿಂಗಡಿಸಿದ ಲಿನ್ನೇಯಸ್‌ನಂಥವರೇ ಇದನ್ನು ಶಂಖ ಸಿಂಪಿಗಳ ಗುಂಪಿಗೆ ಸೇರಿಸಿದ್ದರು. 1830ರಲ್ಲಿ ಜಾನ್ ವಾನ್ ಥಾಮ್ಸನ್ ಇದರ ಮರಿಗಳನ್ನು ನೋಡಿದ ಮೇಲೆಯೇ ಇದು ಏಡಿ, ಸೀಗಡಿಗಳ ನೆಂಟ ಎಂದು ತಿಳಿದದ್ದು. ಮರಿ ನೀರಿನಲ್ಲಿ ಈಜಾಡುತ್ತ ಬೆಳೆಯುತ್ತದೆ. ಕಡೆಯ ಹಂತದಲ್ಲಿ ಊಟವನ್ನೇ ಬಿಟ್ಟು ಮನೆ ಹುಡುಕಲು ಹೊರಡುತ್ತದೆ. ಬಂಡೆಯ ಮೇಲೆ ಅಲ್ಲಿ ಇಲ್ಲಿ ನಡೆದು, ತನ್ನವರು ಮೊದಲೇ ನೆಲೆಸಿದ ಸುಳಿವು ಹಿಡಿದು, ಜಾಗ ಒಪ್ಪಿತವಾದರೆ ತಲೆಯ ಕಡೆಯಿಂದ ಅಂಟು ಸುರಿಸಿ ತಲೆಕೆಳಗಾಗಿ ಅಂಟಿಕೊಳ್ಳುತ್ತದೆ. ಮುಂದಿನ ಆಯುಷ್ಯವೆಲ್ಲ ಅಲ್ಲೇ, ಕಾಲಿನಿಂದ ಬಾಯಿಗೆ ಆಹಾರ ತಳ್ಳಿಕೊಳ್ಳುತ್ತ. ತಲೆಯ ಮೇಲೆ ನಿಂತು ಕಾಲಿನಿಂದ ಊಟ ಮಾಡುವ ಪ್ರಾಣಿ ಎಂದರೆ ಮಕ್ಕಳು ನಗುತ್ತಾರೆ, ಹಾಗೆ ನಕ್ಕವರು ಮರೆಯುವುದಿಲ್ಲ.

ಡಾರ್ವಿನ್ 1846ರಿಂದ 1854ರವರೆಗೆ ಎಂಟು ವರ್ಷ ಇವುಗಳ ಹಿಂದೆಯೇ ಕಳೆದರು. ಅಪ್ಪನೆಂದರೆ ಬಾರ್ನಕಲ್ ಬಗೆಯುವವನು ಎಂದೇ ತಿಳಿದಿದ್ದ ಅವರ ಮಕ್ಕಳಲ್ಲೊಬ್ಬರು, ನೆರೆಮನೆಯವರ ಬಗ್ಗೆ “ಹಾಗಾದರೆ ಅವರು ತಮ್ಮ ಬಾರ್ನಕಲ್‌ಗಳ ಕೆಲಸವನ್ನು ಎಲ್ಲಿ ಮಾಡುತ್ತಾರೆ?” ಎಂದು ಕೇಳಿದ ಕಥೆ ಪ್ರಸಿದ್ಧ.

ಲಿಂಪೆಟ್ ಇನ್ನೊಬ್ಬ ಮೋಸಗಾರ. ಕಲ್ಲಿಗೆ ಮೊಳೆ ಹೊಡೆದಂತೆ ಕೂತಿರುತ್ತದೆ. ನೀರು ಮುಚ್ಚಿಕೊಂಡ ಮೇಲೆ ಅದು ಎದ್ದು ಮೇಯಲು ಹೋಗುತ್ತದೆ, ಬಂಡೆಯ ಮೇಲಿನ ಪಾಚಿಯನ್ನು ಕೆರೆದು ತಿನ್ನುತ್ತದೆ, ತನ್ನದೇ ಲೋಳೆಯ ಜಾಡು ಹಿಡಿದು ಹಳೆಯ ಜಾಗಕ್ಕೇ ಮರಳುತ್ತದೆ. ಹಲವು ಜಾತಿಗಳಲ್ಲಿ ಆ ಜಾಗದ ಕಲ್ಲು ಸವೆದು ಚಿಪ್ಪಿನ ಅಂಚಿಗೆ ಪಾತ್ರೆಗೆ ಮುಚ್ಚಳದಂತೆ ಕೂಡಿಕೊಂಡಿರುತ್ತದೆ. ಒಳಗಿನ ತೇವ ಆರುವುದಿಲ್ಲ. ಖಾಲಿ ಬಂಡೆಯ ಮೇಲೆ ಅಂಡಾಕಾರದ ತಗ್ಗು ಕಂಡರೆ, ಅಲ್ಲೊಂದು ಲಿಂಪೆಟ್ ವಾಸವಿತ್ತು ಎಂದೇ ಲೆಕ್ಕ. ಕಲ್ಲು ಕೆರೆಯುವ ಅದರ ಹಲ್ಲುಗಳಲ್ಲಿ ಗೋಥೈಟ್ ಎಂಬ ಕಬ್ಬಿಣದ ಖನಿಜದ ಎಳೆಗಳಿವೆ. 2015ರಲ್ಲಿ ಬ್ರಿಟನ್ನಿನ ಸಂಶೋಧಕರು ಅಳೆದು ನೋಡಿದಾಗ, ಅದುವರೆಗೆ ತಿಳಿದಿದ್ದ ಜೈವಿಕ ವಸ್ತುಗಳಲ್ಲೆಲ್ಲ ಬಲವಾದದ್ದು ಎನಿಸಿಕೊಂಡಿದ್ದ ಜೇಡರ ನೂಲನ್ನೂ ಅದು ಮೀರಿಸಿತು.

ಬಂಡೆಯ ಹೊಂಡಗಳತ್ತ ಮಕ್ಕಳು ತಾವಾಗಿಯೇ ಓಡುತ್ತಾರೆ. ಅದನ್ನು ಕಡಲ ಜೀವಿಗಳ ತಂಗುದಾಣ ಎಂದುಕೊಳ್ಳುತ್ತೇವೆ. ವಾಸ್ತವದಲ್ಲಿ ಅದೊಂದು ಅಗ್ನಿಪರೀಕ್ಷೆ. ಮಧ್ಯಾಹ್ನದ ಬಿಸಿಲಿಗೆ ಹೊಂಡದ ನೀರು ಕಾಯುತ್ತದೆ, ಆವಿಯಾಗಿ ಉಪ್ಪು ಏರುತ್ತದೆ. ಒಂದು ಮಳೆ ಬಿದ್ದರೆ ಅದೇ ನೀರು ಸಪ್ಪೆ. ಹಗಲು ಪಾಚಿ ಆಮ್ಲಜನಕ ಬಿಡುತ್ತದೆ, ಅದರ ಎಲೆಗಳ ಮೇಲೆ ಗುಳ್ಳೆಗಳು ಮುತ್ತಿನಂತೆ ಕೂತಿರುವುದನ್ನು ಬರಿಗಣ್ಣಿನಲ್ಲೇ ನೋಡಬಹುದು. ರಾತ್ರಿ ಪಾಚಿಯೂ ಪ್ರಾಣಿಗಳೂ ಸೇರಿ ಅದೇ ಆಮ್ಲಜನಕವನ್ನು ಉಸಿರಾಡಿ ಮುಗಿಸುತ್ತವೆ. ಮೇಲಿನ ಹೊಂಡಕ್ಕೂ ಕೆಳಗಿನ ಹೊಂಡಕ್ಕೂ ಉಷ್ಣಮಾಪಕ ಅದ್ದಿ ನೋಡಲು ಹೇಳಿ. ಸೆಕೆಯ ದಿನ ಅಂಕಿಗಳ ಅಂತರ ನೋಡಿಯೇ ಅವರಿಗೆ ಅರ್ಥವಾಗುತ್ತದೆ.

ಕೆಳಗಿನ ಹೊಂಡದ ಗೋಡೆಗೆ ಅಂಟಿಕೊಂಡಿರುವ ಕಡಲ ಹೂವು ಹೂವಲ್ಲ, ಲೋಳೆಮೀನಿನ ಬಂಧು. ನೀರಿನಲ್ಲಿ ಎಸಳು ಬಿಚ್ಚಿ ನಿಂತಿರುತ್ತದೆ, ಹೊರಗೆ ಉಳಿದುಬಿಟ್ಟರೆ ಎಲ್ಲವನ್ನೂ ಒಳಗೆಳೆದುಕೊಂಡು ಲೋಳೆಯ ಮುದ್ದೆಯಾಗುತ್ತದೆ. ಎಸಳುಗಳಲ್ಲಿ ಕುಟುಕುವ ಕೋಶಗಳು, ಒಂದೊಂದರಲ್ಲೂ ಸುರುಳಿ ಸುತ್ತಿದ ಈಟಿ. ಇದೇ ಬಳಗದ ಹೈಡ್ರಾ ಎಂಬ ಸಿಹಿನೀರಿನ ಜೀವಿಯಲ್ಲಿ ಆ ಈಟಿ ಹಾರುವ ವೇಗವನ್ನು ಅಳೆದಿದ್ದಾರೆ. ಅದಕ್ಕೆ ಬೇಕಾದದ್ದು ಸೆಕೆಂಡಿನ ಹತ್ತು ಲಕ್ಷದ ಒಂದು ಭಾಗಕ್ಕಿಂತಲೂ ಕಡಿಮೆ ಸಮಯ. ಕೆಲವು ಜಾತಿಗಳು ಪಕ್ಕದ ಹೂವಿನೊಡನೆ ಜಾಗಕ್ಕಾಗಿ ಇದೇ ಆಯುಧದಿಂದ ಹೊಡೆದಾಡುತ್ತವೆ. ನಿಧಾನಕ್ಕೆ, ಗಂಟೆಗಟ್ಟಲೆ ನೋಡುವ ತಾಳ್ಮೆಯಿದ್ದವರಿಗೆ ಮಾತ್ರ ಕಾಣುವ ಯುದ್ಧ.

ನಕ್ಷತ್ರ ಮೀನು ಮೀನಲ್ಲ ಎಂದು ಎಲ್ಲರೂ ಹೇಳುತ್ತಾರೆ, ಅದರಲ್ಲಿ ರಕ್ತವಿಲ್ಲ ಎಂದು ಯಾರೂ ಹೇಳುವುದಿಲ್ಲ. ದೇಹದ ಕೊಳವೆಗಳಲ್ಲಿ ಬಹುಪಾಲು ಕಡಲ ನೀರೇ ಓಡಾಡುತ್ತದೆ. ಆ ನೀರಿನ ಒತ್ತಡದಿಂದಲೇ ಅಡಿಯಲ್ಲಿರುವ ನೂರಾರು ಕೊಳವೆಗಾಲುಗಳು ಚಾಚುತ್ತವೆ, ಅಂಟುತ್ತವೆ, ಬಿಡುತ್ತವೆ. ಪಚ್ಚಿಲೆಯಂಥ ಚಿಪ್ಪನ್ನು ಅಪ್ಪಿಕೊಂಡು ಎಳೆದು, ಕೂದಲೆಳೆಯಷ್ಟು ಸಂದು ಬಿಟ್ಟರೂ ಸಾಕು, ತನ್ನ ಜಠರವನ್ನೇ ಬಾಯಿಯಿಂದ ಹೊರಹಾಕಿ ಆ ಸಂದಿನೊಳಗೆ ತೂರಿಸಿ ಅಲ್ಲೇ ಜೀರ್ಣಿಸುತ್ತದೆ. ಬಂಡೆಗೆ ಅಂಟಿದ ನಕ್ಷತ್ರ ಮೀನನ್ನು ಜಗ್ಗಿ ಎತ್ತಬಾರದು ಎನ್ನುವುದು ಈ ಕಾರಣಕ್ಕೆ: ಕಾಲುಗಳು ಹರಿದು ಕಲ್ಲಿಗೇ ಉಳಿಯುತ್ತವೆ.

ಮರಳಿನ ದಡದಲ್ಲಿ ಇಷ್ಟು ನಾಟಕ ಕಾಣುವುದಿಲ್ಲ. ಹಿಡಿದು ನಿಲ್ಲಲು ಗಟ್ಟಿ ನೆಲವಿಲ್ಲದ ಕಡೆ ಎಲ್ಲರೂ ಹೂತುಕೊಂಡಿರುತ್ತಾರೆ, ಗುರುತು ಮಾತ್ರ ಮೇಲೆ. ಬೆಚ್ಚಗಿನ ಕಡಲುಗಳ ಮರಳಿನಲ್ಲಿ, ನೀರು ಇಳಿದ ಸ್ವಲ್ಪ ಹೊತ್ತಿಗೆ, ಬಿಲದ ಸುತ್ತ ರಂಗೋಲಿಯ ಚುಕ್ಕಿಗಳಂತೆ ಸಣ್ಣ ಸಣ್ಣ ಉಂಡೆಗಳು ಹರಡಿಕೊಂಡಿರುತ್ತವೆ. ಕಡಲೆಕಾಳಿನಷ್ಟು ಗಾತ್ರದ ಏಡಿಯೊಂದು ಮರಳನ್ನು ಬಾಯಿಗೆ ಹಾಕಿಕೊಂಡು, ಕಣಗಳಿಗೆ ಅಂಟಿದ ಆಹಾರವನ್ನು ಸೋಸಿ, ಉಳಿದ ಮರಳನ್ನು ಉಂಡೆ ಮಾಡಿ ಬದಿಗಿಟ್ಟಿರುತ್ತದೆ. ತಿಂದದ್ದನ್ನೇ ಮತ್ತೆ ತಿನ್ನದಿರಲು ಅದು ಇಟ್ಟುಕೊಂಡ ಲೆಕ್ಕ ಅದು. ಕದಲದೆ ಐದು ನಿಮಿಷ ಕೂತರೆ ಏಡಿಯೇ ಹೊರಬಂದು ಕೆಲಸ ಮುಂದುವರಿಸುತ್ತದೆ. ನಲವತ್ತು ಮಕ್ಕಳನ್ನು ಐದು ನಿಮಿಷ ಕದಲದಂತೆ ಕೂರಿಸುವುದು ಹೇಗೆಂದು ಕೇಳಬೇಡಿ. ನಾನು ಅವರನ್ನು ಎಂಟು ಎಂಟರಂತೆ ಒಡೆದೆ.

ಖಾಲಿ ಚಿಪ್ಪು ಆಯ್ದು ಮನೆಗೆ ತರುವ ಆಸೆ ಎಲ್ಲರಿಗೂ ಇದೆ, ಅದರಲ್ಲೇನು ತಪ್ಪು ಎನಿಸುತ್ತದೆ. ಸನ್ಯಾಸಿ ಏಡಿಯನ್ನು ಒಮ್ಮೆ ನೋಡಿದರೆ ಕೈ ತಾನಾಗಿ ಹಿಂದೆ ಸರಿಯುತ್ತದೆ. ಅದರ ಹೊಟ್ಟೆಯ ಭಾಗಕ್ಕೆ ಕವಚವಿಲ್ಲ, ಸುರುಳಿ ಶಂಖದೊಳಗೆ ಕೂರಲೆಂದೇ ಸೊಟ್ಟಗೆ ಬಾಗಿದೆ. ದೇಹ ಬೆಳೆದಂತೆ ದೊಡ್ಡ ಶಂಖ ಹುಡುಕಬೇಕು. ಒಂದು ಒಳ್ಳೆಯ ಖಾಲಿ ಶಂಖ ಕಂಡಾಗ ಕೆಲವು ಸಲ ಏಡಿಗಳು ಗಾತ್ರದ ಪ್ರಕಾರ ಸಾಲಾಗಿ ನಿಲ್ಲುತ್ತವೆ. ದೊಡ್ಡದು ಹೊಸ ಮನೆಗೆ ನುಗ್ಗಿದ ಕೂಡಲೇ ಎರಡನೆಯದು ಅದರ ಹಳೆಯ ಮನೆಗೆ, ಮೂರನೆಯದು ಎರಡನೆಯದರ ಮನೆಗೆ. ನೀವು ಜೇಬಿಗಿಳಿಸಿದ ಒಂದು ಶಂಖದಿಂದ ನಿಲ್ಲುವುದು ಒಬ್ಬರ ಮನೆ ಬದಲಾವಣೆಯಲ್ಲ, ಇಡೀ ಸಾಲಿನದು.

ಎಚ್ಚರಿಕೆಗಳನ್ನು ಚಿಕ್ಕದಾಗಿ ಹೇಳಿಬಿಡುತ್ತೇನೆ. ಶಂಕುವಿನ ಆಕಾರದ ಚೆಂದದ ಶಂಖವನ್ನು ಯಾವ ಕಾರಣಕ್ಕೂ ಎತ್ತಬಾರದು. ಕೋನ್ ಶಂಖದ ಹುಳು ವಿಷದ ಬಾಣ ಬಿಡುತ್ತದೆ, ಕೆಲವು ಜಾತಿಗಳ ವಿಷ ಮನುಷ್ಯರನ್ನು ಕೊಲ್ಲಬಲ್ಲದು. ದಡಕ್ಕೆ ಬಿದ್ದು ಸತ್ತಂತೆ ಕಾಣುವ ಲೋಳೆಮೀನೂ ಕುಟುಕುತ್ತದೆ. ಚಪ್ಪಲಿಯಲ್ಲ, ಬಿಗಿಯಾದ ಶೂ ಬೇಕು. ಕಡಲಿಗೆ ಬೆನ್ನು ಹಾಕಿ ನಿಲ್ಲಬಾರದು, ಒಬ್ಬರು ದೊಡ್ಡವರು ಯಾವಾಗಲೂ ನೀರನ್ನೇ ನೋಡುತ್ತಿರಬೇಕು. ಮಗುಚಿದ ಕಲ್ಲನ್ನು ಇದ್ದ ಹಾಗೆಯೇ ಮತ್ತೆ ಮಗುಚಬೇಕು, ಇಲ್ಲವಾದರೆ ಅಡಿಯ ನೆರಳಿನಲ್ಲಿದ್ದವು ಬಿಸಿಲಿಗೆ ಸಾಯುತ್ತವೆ. ಮುಟ್ಟುವುದಾದರೆ ಒದ್ದೆ ಕೈಯಿಂದ.

ನೀರು ಏರುವ ಬಗೆಯನ್ನಂತೂ ಮಕ್ಕಳಿಗೆ ಮೊದಲೇ ವಿವರಿಸಬೇಕು. ಅದು ಒಂದೇ ಸಮನೆ ಏರುವುದಿಲ್ಲ. ನಾವಿಕರ ಹಳೆಯ ಅಂದಾಜಿನ ಪ್ರಕಾರ ಒಟ್ಟು ಏರಿಕೆಯನ್ನು ಹನ್ನೆರಡು ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ ಒಂದು ಪಾಲು, ಎರಡನೆಯದರಲ್ಲಿ ಎರಡು, ಮೂರು ಮತ್ತು ನಾಲ್ಕನೆಯದರಲ್ಲಿ ಮೂರು ಮೂರು, ಆಮೇಲೆ ಎರಡು, ಕಡೆಗೆ ಒಂದು. ಮೊದಲ ಗಂಟೆಯ ನಿಧಾನ ನೋಡಿ ಇನ್ನೂ ಸಮಯವಿದೆ ಎಂದುಕೊಂಡವರ ಹಿಂದಿನ ದಾರಿಯನ್ನು ಮೂರನೆಯ ಗಂಟೆ ಮುಚ್ಚಿಹಾಕುತ್ತದೆ.

ನಾವು ಅಂದು ಮೊದಲ ಗಂಟೆಯಲ್ಲೇ ಮೇಲೆ ಬಂದೆವು. ಹಗ್ಗ ಸುತ್ತುತ್ತಿದ್ದಾಗ, ಹಿಂದಿನ ಸಲ ಜೀವಿಗಳೆಲ್ಲಿ ಎಂದು ಕೇಳಿದ್ದ ಅದೇ ಹುಡುಗಿ ಬಾರ್ನಕಲ್ ಅಂಟಿದ್ದ ಬೆಣಚುಕಲ್ಲೊಂದನ್ನು ಗಾಜಿನ ಲೋಟದಲ್ಲಿ ಕಡಲ ನೀರು ಹಾಕಿ ಮುಳುಗಿಸಿಟ್ಟು, ಮಂಡಿಯೂರಿ ನೋಡುತ್ತಿದ್ದಳು. ಮೂರು ನಾಲ್ಕು ನಿಮಿಷ ಏನೂ ಆಗಲಿಲ್ಲ. ಆಮೇಲೆ ಒಂದರ ಬಾಗಿಲು ಸೀಳಿತು. ಗರಿಯಂಥ ಕಾಲುಗಳ ಗೊಂಚಲು ಹೊರಬಂದು ನೀರನ್ನು ಬಾಚಿಕೊಂಡು ಒಳಹೋಯಿತು. ಮತ್ತೆ ಹೊರಗೆ, ಮತ್ತೆ ಒಳಗೆ. ಪಕ್ಕದ್ದೂ ತೆರೆಯಿತು, ಅದರ ಪಕ್ಕದ್ದೂ.

“ಸರ್, ಹಾಗಾದರೆ ಹೋದ ಸಲ ನಾವು ಬಂದಾಗ ಇವೆಲ್ಲ ಊಟ ಮಾಡುತ್ತಿದ್ದವು” ಎಂದಳು.

ಹೌದಲ್ಲ ಎನಿಸಿತು. ಇಳಿತದ ಹೊತ್ತಿಗೆ ಬಂದು ನಾವು ನೋಡುವುದು ಬಾಗಿಲು ಹಾಕಿದ ಊರನ್ನು. ಕಲ್ಲನ್ನು ಎತ್ತಿದ ಕಡೆಯೇ ಇಟ್ಟು ಬರಲು ಹೇಳಿದೆ. ಅವಳು ಹೋಗಿ ಇಟ್ಟ ಸ್ವಲ್ಪ ಹೊತ್ತಿಗೆ ಅಲೆಯೊಂದು ಬಂದು ಅದನ್ನು ಮುಚ್ಚಿತು.